ಏಳದವರ ಮುಂದೆ

ಕೆಳಗಿನ ಮನೆಯ ಅಮ್ಮನ ಎರಡೂ ಮಂಡಿಗಳು ಕರಿಗಲ್ಲಿನಂತೆ ಜಡ್ಡುಗಟ್ಟಿದ್ದವು. ನೆಲ ಒರೆಸಲು ಸೀರೆ ಎತ್ತಿ ಕಟ್ಟಿದಾಗ ಕಾಣುತ್ತಿದ್ದವು. ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ, ನಾಟಕದ ಗಂಡನ ಹೆಣದ ಮುಂದೆ ದೊಪ್ಪನೆ ಮಂಡಿಯೂರಿ ಬಿದ್ದು ಅತ್ತದ್ದರ ಗುರುತು ಅದು. ಆ ಶೋಕದ ಹಾಡನ್ನು ಕೇಳಲೆಂದೇ ಹದಡಿಯಿಂದ, ಹರಿಹರದಿಂದ ಜನ ಗಾಡಿ ಕಟ್ಟಿಕೊಂಡು ದಾವಣಗೆರೆಗೆ ಬರುತ್ತಿದ್ದರಂತೆ.

ನಾವು ಕೆ.ಬಿ. ಬಡಾವಣೆಯ ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಯಜಮಾನರು ಅದೇ ಕಂಪನಿಯ ಪೇಟಿ ಮಾಸ್ತರು. ಮಕ್ಕಳಿರಲಿಲ್ಲ. ಊಟವಾದ ಮೇಲೆ ಅವರು ಹಾರ್ಮೋನಿಯಂ ತೆಗೆದರೆ ಅಮ್ಮ ಅಕ್ಕಿ ಆರಿಸುತ್ತ ಮದುವೆಯ ಹಾಡು, ಜಗಳದ ಹಾಡು ಎಲ್ಲ ಹಾಡುವರು. ಅಳುವ ಹಾಡು ಮಾತ್ರ ಮನೆಯೊಳಗೆ ಬರಕೂಡದು. ನನಗೂ ಕಲಿಸಲು ನೋಡಿ, "ನಿನ್ನ ದನಿ ಒಗ್ಗರಣಿ ಸಾಸ್ವಿ ಇದ್ದಂಗೆ ಐತೆ, ಎಲ್ಲೆಲ್ಲೋ ಸಿಡಿತೈತೆ" ಎಂದು ನಕ್ಕು ಕೈಬಿಟ್ಟರು.

ಮಾಸ್ತರರ ಶ್ವಾಸಕೋಶ ಕೆಟ್ಟಿತು. ಇನ್ನು ಮನೆಗೆ ಕರೆದೊಯ್ಯಿರಿ ಎಂದರು ಡಾಕ್ಟರು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಅವರು ಹೆಂಡತಿಯ ಕೈ ಹಿಡಿದು ಕೇಳುತ್ತಿದ್ದರು.

"ನಾನು ಹೋದ ಮ್ಯಾಲೆ ಹೆಂಗೂ ಅಳ್ತೀಯ. ಅದು ನನಗೆ ಕೇಳಂಗಿಲ್ಲ. ಈಗ ಒಂದ್ಸಲ ಹಾಡು."

ಅಮ್ಮನ ಮುಖ ಕಪ್ಪಿಟ್ಟಿತು. "ಬಿಡ್ತು ಅನ್ರಿ. ಬದುಕಿರೋರ ಮುಂದೆ ಹಾಡೋ ಹಾಡೇನ್ರಿ ಅದು?"

ಅವರು ಮತ್ತೆ ಕೇಳಲಿಲ್ಲ. ನಾಲ್ಕನೆಯ ದಿನ ಹೋದರು.

ಹಳೆಯ ಕಲಾವಿದರೆಲ್ಲ ಬಂದು ಹೆಣದ ಸುತ್ತ ಕೂತು ಅಮ್ಮನ ಬಾಯನ್ನೇ ನೋಡುತ್ತಿದ್ದರು. ಅಮ್ಮ ಬಾಯಿ ತೆರೆದರು. ಬಂದದ್ದು ಆ ನಾಟಕದ ಹಾಡಿನ ಮೊದಲ ಸಾಲು, ಶ್ರುತಿ ಎಳ್ಳಷ್ಟೂ ತಪ್ಪದೆ. ತಕ್ಷಣ ಸೆರಗನ್ನು ಬಾಯಿಗೆ ತುರುಕಿಕೊಂಡರು. ಆಮೇಲೆ ಒಂದು ಹನಿ ಕಣ್ಣೀರೂ ಬರಲಿಲ್ಲ. ಊರನ್ನೆಲ್ಲ ಅಳಿಸಿದವಳು ಸ್ವಂತ ಗಂಡನಿಗೆ ಅಳಲಿಲ್ಲ ಎಂದು ಬಾಗಿಲಲ್ಲೇ ಯಾರೋ ಅಂದರು. ಅದು ಅಮ್ಮನಿಗೂ ಕೇಳಿಸಿತು.

ಮೂರು ತಿಂಗಳಿಗೆ ಹರಿಹರದ ಹವ್ಯಾಸಿ ತಂಡವೊಂದು ಮಾಸ್ತರರ ನೆನಪಿಗೆ ಕಾರ್ಯಕ್ರಮ ಇಟ್ಟುಕೊಂಡಿತು. ಅಮ್ಮ ಆ ಹೆಣದ ದೃಶ್ಯವನ್ನೇ ಮಾಡಬೇಕೆಂದು ತಂಡದವರು ದುಂಬಾಲು ಬಿದ್ದರು. ಹೋಗಬೇಡಿ ಎಂದೆ. ಯಜಮಾನರು ಬಾಯಿಬಿಟ್ಟು ಕೇಳಿದ್ದನ್ನು ಕೊಡಲಿಲ್ಲ, ಅವರ ಹೆಸರಿನಲ್ಲಾದರೂ ಹಾಡಿ ಬರುತ್ತೇನೆ ಎಂದರು ಅಮ್ಮ. ನಾನೂ ಜೊತೆಗೆ ಹೋದೆ.

ರಂಗದ ಮೇಲೆ ಒಬ್ಬ ನಟ ಬಿಳಿ ಪಂಚೆ ಹೊದ್ದು ಮಲಗಿದ್ದ. ಪೇಟಿ ಶುರುವಾಯಿತು. ಅಮ್ಮ ಮೆಲ್ಲಗೆ ಕೂತು, ಪಂಚೆ ಸರಿಸಿ ಅವನ ಮುಖ ನೋಡಿದರು. ಅವನ ರೆಪ್ಪೆ ಅದುರುತ್ತಿತ್ತು.

"ಏಳಪ್ಪ" ಎಂದರು. "ಎದ್ದು ಮನಿಗೆ ಹೋಗು."

ಜನ ಇದೂ ನಾಟಕವೇ ಇರಬೇಕೆಂದು ಸುಮ್ಮನೆ ಕೂತಿದ್ದರು. ಅಮ್ಮ ಮೆಟ್ಟಿಲಿಳಿದು ಬಂದು ನನ್ನ ಕೈ ಹಿಡಿದುಕೊಂಡರು.

ತಿರುಗಿ ಬರುವ ಬಸ್ಸಿನಲ್ಲಿ ಹೇಳಿದರು. "ನಾನು ಅತ್ತಿದ್ದೆಲ್ಲ ಎದ್ದು ಬರೋರ ಮುಂದೆ. ಪರದೆ ಬಿದ್ದ ಮ್ಯಾಲೆ ಎದ್ದು ಚಾ ಕುಡಿತಿದ್ರು. ಏಳದೇ ಇರೋರ ಮುಂದೆ ಹೆಂಗೆ ಅಳಬೇಕು ಅಂತ ನನಗೆ ಗೊತ್ತಿಲ್ಲವ್ವ."

ಆಮೇಲೆ ಅವರು ಬದುಕಿದ್ದು ಎರಡು ವರ್ಷ. ಹಾಡಲಿಲ್ಲ. ಪೇಟಿಯನ್ನು ಯಾರಿಗೂ ಕೊಡಲಿಲ್ಲ, ತಾವೂ ಮುಟ್ಟಲಿಲ್ಲ. ಮಧ್ಯಾಹ್ನ ಅದರ ಎದುರು ಸುಮ್ಮನೆ ಕೂತಿರುತ್ತಿದ್ದರು. ಸಮಾಧಾನ ಹೇಳಲು ಹೋದರೆ, ಕೇಳಿದಾಗ ಹಾಡಬೇಕಿತ್ತು ಎಂಬ ಒಂದೇ ಮಾತು. ನಾನು ಕೊಟ್ಟ ಅನ್ನ ತಟ್ಟೆಯಲ್ಲೇ ಒಣಗುತ್ತಿತ್ತು.

ಹೋದ ಶ್ರಾವಣದಲ್ಲಿ ಒಂದು ಬೆಳಗ್ಗೆ ಬಾಗಿಲು ತೆಗೆಯಲಿಲ್ಲ. ಒಡೆದು ನೋಡಿದರೆ ಗೋಡೆಗೆ ಒರಗಿ ಕೂತ ಹಾಗೆಯೇ ಹೋಗಿದ್ದರು. ಸ್ವಂತದವರೆಂದು ಯಾರೂ ಇರಲಿಲ್ಲ. ಬೀದಿಯ ಗಂಡಸರೇ ಚಟ್ಟ ಕಟ್ಟಿದರು. ಹರಿಹರದ ಹೊಳೆದಂಡೆಗೆ ಒಯ್ಯಲು ವ್ಯಾನು ಬಂತು. ಎತ್ತುವಾಗ ನನ್ನ ಗಂಟಲಿಂದ ಒಂದು ದನಿ ಹೊರಟಿತು. ಅದಕ್ಕೆ ರಾಗವಿರಲಿಲ್ಲ, ಮಾತಿರಲಿಲ್ಲ, ನಾಯಿ ಊಳಿಟ್ಟಂತಿತ್ತು. ವ್ಯಾನು ತಿರುವು ದಾಟಿ ಹೋದ ಮೇಲೂ ಅದನ್ನು ನಿಲ್ಲಿಸಲು ನನಗೆ ಆಗಲಿಲ್ಲ.