ಮಲ್ಲಾಜಮ್ಮ ನಂಬದ ಬೇರು

ಕಟ್ಟೆಮಳಲವಾಡಿಯ ಮಲ್ಲಾಜಮ್ಮ ಬೆಳಗ್ಗೆ ಎದ್ದವಳೇ ಮೊದಲು ಹಿತ್ತಿಲ ನೆಲ ನೋಡುವಳು. ಹಿಂದಿನ ಸಂಜೆ ಗುಡಿಸಿ ನುಣ್ಣಗೆ ಮಾಡಿದ ಮಣ್ಣಿನ ಮೇಲೆ ಏನಾದರೂ ಹರಿದ ಗೆರೆ ಬಿದ್ದಿದೆಯೇ ಎಂದು ಬಗ್ಗಿ ಹುಡುಕುವಳು. ಇಲ್ಲವೆಂದು ಖಾತ್ರಿಯಾದ ಮೇಲೆಯೇ ಒಲೆ ಹೊತ್ತಿಸುವುದು. ಗಂಡ ಗಂಗಾಧರಪ್ಪ ಸತ್ತ ಸಾವಿರದ ಒಂಬೈನೂರ ಇಪ್ಪತ್ತೊಂಬತ್ತನೇ ಇಸವಿಯಿಂದ ಇದೇ ಪದ್ಧತಿ.

ಅವನನ್ನು ಕಚ್ಚಿದ್ದು ನಾಗರಹಾವು, ಹುಲ್ಲಿನ ಮೆದೆಯ ಬುಡದಲ್ಲಿ. ಹುಣಸೂರಿನ ಸಂತೆಯಲ್ಲಿ ಯಾರೋ ಕೊಟ್ಟ ಬೇರು ಆಗ ಅವನ ಉಡಿದಾರದಲ್ಲಿತ್ತು. ಅದಿದ್ದರೆ ಹಾವು ಹತ್ತಿರ ಸುಳಿಯದಂತೆ. ಆ ಧೈರ್ಯದಿಂದಲೇ ಅವನು ಕೋಲಾಡಿಸದೆ ಕೈ ಹಾಕಿದ್ದ. ಅಂದಿನಿಂದ ಮಲ್ಲಾಜಮ್ಮನಿಗೆ ಎಲ್ಲರ ಮಾತಿನ ಮೇಲೂ ಅನುಮಾನ. ಹಾವು ಬರದಂತೆ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸು ಎಂದವರಿಗೆ, "ನಿಮ್ಮ ಬೇಲೀಲಿ ಅಬ್ಬೈತಲ್ಲ, ಓದ ತಿಂಗ್ಳು ನಿಮ್ಮ ಕೊಟ್ಟಿಗೇಲಿ ಸಿಕ್ಕಿದ್ದೇನು, ಅಗ್ಗವಾ?" ಎನ್ನುವಳು.

ಆರು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ಅಂತರಸಂತೆ ಕಡೆಯ ದೊಡ್ಡಬೀರಯ್ಯನೆಂಬವನು ಬುಟ್ಟಿ ಹೊತ್ತು ಊರಿಗೆ ಬಂದ. ಅರಳಿಕಟ್ಟೆಯ ಬಳಿ ಮುಚ್ಚಳ ತೆಗೆದಾಗ ನಾಗರ ಹೆಡೆಯೆತ್ತಿತು. ಅವನು ಒಂದು ಬೇರನ್ನು ಮುಂದೆ ಹಿಡಿದ. ಹೆಡೆ ಮುದುರಿಕೊಂಡು ಹಾವು ಬುಟ್ಟಿಯೊಳಕ್ಕೆ ತಲೆ ಹುದುಗಿಸಿತು.

"ಮನೆ ನಾಕು ಮೂಲೇಲಿ ಊತುಬುಡಿ. ಒಂದು ಉಳಾನೂ ಅಂಗಳಕ್ಕೆ ಕಾಲಿಡಾಕಿಲ್ಲ!"

ಪಕ್ಕದ ಮನೆಯ ಚಲುವಯ್ಯ ಆಗಲೇ ನಾಲ್ಕು ಬೇರು ತೆಗೆದುಕೊಂಡಿದ್ದ. ಮಲ್ಲಾಜಮ್ಮ ಮಾತ್ರ ಹಾವನ್ನೇ ನೋಡುತ್ತಿದ್ದಳು. ಬೇರು ಹತ್ತಿರ ಬರುವ ಮೊದಲೇ, ಕೈ ಮೇಲೆದ್ದ ಕೂಡಲೇ ಅದು ಬೆದರುತ್ತಿತ್ತು. ಅವಳು ಬೇಲಿಯಿಂದ ಒಂದು ತೊಗರಿ ಕಡ್ಡಿ ಮುರಿದು ತಂದಳು.

"ಇದನ್ನ ಇಡಿ, ನೋಡಾನ."

ದೊಡ್ಡಬೀರಯ್ಯ ಕೈ ಚಾಚಲಿಲ್ಲ. ಅವಳೇ ದೂರದಿಂದ ಕಡ್ಡಿ ನೀಡಿದಳು. ಹಾವು ಹಾಗೆಯೇ ತಲೆ ಹುದುಗಿಸಿತು.

"ಏನ್ ಮಾಡಿದ್ದೀಯ ಇದಕ್ಕೆ? ನಿಜ ಏಳು."

"ಕಾದ ಕಬ್ಬಿಣ ಮುಟ್ಟಿಸಿದ್ದೆ ಕಣವ್ವಾ," ಎಂದ ಅವನು, ತಲೆ ತಗ್ಗಿಸಿ. "ಆಮ್ಯಾಕೆ ಏನ್ ತೋರ್ಸಿದ್ರೂ ಎದರ್ತದೆ."

ಚಲುವಯ್ಯ ಅವನ ಕುತ್ತಿಗೆಗೆ ಕೈ ಹಾಕಿದ. ಮಲ್ಲಾಜಮ್ಮ ತಡೆದಳು.

"ಬುಡಪ್ಪಾ ಚಲುವಯ್ಯ. ನಾನೊಂದು ಮಾತು ಕೇಳಬೇಕು." ದೊಡ್ಡಬೀರಯ್ಯನತ್ತ ತಿರುಗಿದಳು. "ಆರು ವರ್ಷದಿಂದೆ ಉಣಸೂರು ಸಂತೇಲಿ ಬೇರು ಮಾರಿದವನು ನೀನೇಯಾ?"

"ನಮ್ಮವ್ವನಾಣೆ, ನಾನಲ್ಲ."

ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಸುಳ್ಳೋ ನಿಜವೋ ತಿಳಿಯಲಿಲ್ಲ.

"ನಿಮ್ಮನೆ ಇತ್ಲಲ್ಲಿ ಈ ಬೇರು ಊತಿದ್ದೀಯಾ?"

"ಇಲ್ಲ."

"ಮತ್ತೆ ಹಾವು ಬರದಂಗೆ ಏನ್ ಮಾಡ್ತೀಯ?"

"ಇಲಿ ಇಲ್ದಂಗೆ ನೋಡ್ಕತೀನಿ. ಉಲ್ಲು, ಸೌದೆ ಗ್ವಾಡೆಗೆ ಒತ್ತಿ ಇಕ್ಕಾಕಿಲ್ಲ. ಹಾವು ನಮ್ಮನ್ನ ಉಡೀಕಂಡು ಬರ್ತದಾ ಅವ್ವಾ? ಇಲೀನ ಉಡೀಕಂಡು ಬತ್ತದೆ."

ಮಲ್ಲಾಜಮ್ಮನಿಗೆ ತನ್ನ ಹಿತ್ತಿಲ ಮೆದೆ ನೆನಪಾಯಿತು. ಮಾವನ ಕಾಲದಿಂದ ಮೆದೆ ಹಿತ್ತಿಲ ಗೋಡೆಗೆ ಆತುಕೊಂಡೇ ಇತ್ತು. ಗಂಡ ಸತ್ತ ಮೇಲೂ ವರ್ಷ ವರ್ಷ ಅಲ್ಲೇ ಒಟ್ಟಿಸಿದ್ದಳು. ಅಷ್ಟೊಂದು ಗುಡಿಸಿದವಳಿಗೆ ಅದೊಂದು ಹೊಳೆದಿರಲಿಲ್ಲ.

"ನಡಿ ನಮ್ಮನೇಗೆ, ಮೆದೆ ಬಿಚ್ಚಿ ನೋಡಾನ," ಎಂದಳು. "ಬುಟ್ಟಿ ಇಲ್ಲೇ ಇರಲಿ. ಕಂಬಳೀನೂ ಬಿಚ್ಚಿಡು."

ಕಂಬಳಿಯೊಳಗೆ ಹಾವು ಅಡಗಿಸಿಕೊಂಡು ಬಂದು ಅಲ್ಲೇ ಹಿಡಿದೆ ಎಂದಾನು ಎಂಬ ಅನುಮಾನ ಅವಳಿಗೆ. ಅವನು ಬರಿಮೈಯಲ್ಲಿ ಬಂದ. ಚಲುವಯ್ಯ ಕವೆಗೋಲಿನಿಂದ ಹುಲ್ಲು ಸರಿಸುತ್ತಾ ಹೋದ. ತಳ ಕಂಡಾಗ ನೆಲದ ತುಂಬ ಇಲಿಬಿಲ. ಒಂದರ ಬಾಯಲ್ಲಿ ಮೊಳಕೈ ದಪ್ಪದ ನಾಗರ ಬುಸ್ ಎಂದಿತು. ಚಲುವಯ್ಯ ಕೋಲು ಬಿಸಾಡಿ ಓಡಿದ. ದೊಡ್ಡಬೀರಯ್ಯ ಬಾಲ ಹಿಡಿದೆತ್ತಿ ಮಡಕೆಗಿಳಿಸಿ ಬಟ್ಟೆ ಕಟ್ಟಿದ. ಈ ಹಾವು ಯಾವುದಕ್ಕೂ ಬೆದರುವಂಥದ್ದಾಗಿರಲಿಲ್ಲ.

ಮಲ್ಲಾಜಮ್ಮ ಅವನಿಗೆ ಮುದ್ದೆ, ಹುರುಳಿ ಸಾರು ಬಡಿಸಿದಳು. ಬಿಲಗಳಿಗೆ ಕಲ್ಲು ಜಡಿಸಿ, ಮೆದೆಯನ್ನು ಕಣದಾಚೆಗೆ ಒಟ್ಟಲು ಹೇಳಿದಳು. ಅವನು ಮಡಕೆ ಎತ್ತಿಕೊಂಡು ಹೊರಟಾಗ ಚಲುವಯ್ಯನನ್ನು ಕರೆದಳು.

"ನೀನೂ ಜತೇಲಿ ಓಗಪ್ಪಾ. ಇಲ್ದಿದ್ರೆ ಇವನು ಇದನ್ನ ಮುಂದ್ಲೂರಲ್ಲಿ ಯಾರ ಇತ್ಲಿಗಾದ್ರೂ ಬುಟ್ಟು, ಬೇರು ಮಾರಾನು. ಕಾಡಂಚಲ್ಲಿ ಬುಡೋದನ್ನ ಕಣ್ಣಾರೆ ನೋಡ್ಕಂಡು ಬಾ."