ರಿಬ್ಬನ್‌ಗೆ ನಾನು ತಿನ್ನಿಸಿದ ಪಂಚಕಜ್ಜಾಯ

ಕಳೆದ ಆಗಸ್ಟ್ ಕೊನೆಗೆ, ಸೋಣ ತಿಂಗಳ ಎರಡನೇ ಶುಕ್ರವಾರ ಬೆಳಿಗ್ಗೆ ನಿಮ್ಮ ಫೆರೆಟ್ ರಿಬ್ಬನ್ ಅಡುಗೆಮನೆಯ ಮೂಲೆಯಲ್ಲಿ ಬಾಲ ಎತ್ತಿ, ಬೆನ್ನು ಬಗ್ಗಿಸಿ ಮೂತ್ರಕ್ಕೆ ತಿಣುಕುತ್ತಾ ನಿಂತಿತ್ತು. ಬಂದದ್ದು ಎರಡೇ ಹನಿ, ಅದರಲ್ಲಿ ರಕ್ತ. ಆಮೇಲೆ ಅದು ಸಣ್ಣಗೆ ಅಳಲು ತೊಡಗಿತು. ಪ್ರಣತಿ, ಚಿನ್ಮಯ, ಆ ದಿನ ದೇವಿ ನನ್ನ ಕೈಹಿಡಿದದ್ದನ್ನು ನಾಲ್ಕು ಜನರ ಎದುರು ಹೇಳಲು ನನಗೆ ನಾಚಿಕೆ. ಏಳನೇ ಕ್ಲಾಸಿನವರೆಗೆ ಓದಿದ್ದೇನಲ್ಲ, ಬರೆಯಲು ಬರುತ್ತದೆ. ನೀವು ಓದಿ, ದೇವರನ್ನು ನಂಬುವ ಬೇರೆಯವರಿಗೂ ಓದಿ ಹೇಳಿ.

ಫೆರೆಟ್ ಎಂದರೆ ಎಂತ ಎಂದು ಅವರು ಕೇಳಿದರೆ, ಮುಂಗುಸಿಯ ಹಾಗೆ ಉದ್ದ ಮೈಯ, ಬೆಕ್ಕಿನ ಹಾಗೆ ಸಾಕುವ ಪ್ರಾಣಿ ಎಂದು ಹೇಳಿದರೆ ಸಾಕು. ಸುಳ್ಯದ ನಿಮ್ಮ ಹೊಸ ಬಾಡಿಗೆ ಮನೆಯಲ್ಲಿ ಪ್ರಾಣಿ ಸಾಕಬಾರದು ಎಂದದ್ದರಿಂದ ಬೇಸಿಗೆ ರಜೆ ಮುಗಿದಾಗ ಅದನ್ನು ಕಡಬಕ್ಕೆ ತಂದು ನನ್ನ ಮಡಿಲಲ್ಲಿ ಇಟ್ಟಿರಿ. ಇದನ್ನು ನಿಮ್ಮನ್ನು ನಂಬಿ ಬಿಡುವುದು ಅಜ್ಜಿ ಎಂದು ಪ್ರಣತಿ ಹೇಳಿದ್ದಳು.

ಒಂದು ವಾರವೂ ಆಗಲಿಲ್ಲ, ಅದು ಬೇಲಿಯ ಸಂದಿಯಲ್ಲಿ ನುಸುಳಿ ಏಲಿಯಮ್ಮನ ಮನೆಗೆ ಹೋಗಲು ಸುರುಮಾಡಿತು. ಪಕ್ಕದ ರಬ್ಬರು ತೋಟದ ಏಲಿಯಮ್ಮ ನಿಮಗೆ ಗೊತ್ತುಂಟು, ಅವಳ ಅಪ್ಪ ಕೇರಳದಿಂದ ಬಂದು ಇಲ್ಲಿ ನೆಲೆಸಿದವರು. ಅವಳು ಕೋಳಿಯ ತುಂಡು, ಮೊಟ್ಟೆ ಹಾಕುತ್ತಿದ್ದಳು. ನಾನು ಹತ್ತು ಸಲ ಕರೆದರೂ ತಿರುಗಿ ನೋಡದ್ದು ಅವಳು ಒಮ್ಮೆ ಮಲಯಾಳದಲ್ಲಿ "ವಾ ಮೋನೇ", ಬಾ ಮಗನೇ, ಎಂದರೆ ಓಡುತ್ತಿತ್ತು. ಮೊದಲೇ ನೀವು ಭಾನುವಾರ ಬಂದರೆ ಅರ್ಧ ದಿನ ಅವಳ ಕೇಕು ತಿನ್ನುತ್ತಾ ಅಲ್ಲೇ ಕೂತುಬಿಡುತ್ತಿದ್ದಿರಿ. ಈಗ ಇದೂ. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಬೇಲಿಯ ಸಂದಿಗೆ ತಗಡು ಬಡಿದೆ. ನೀವು ಕೊಟ್ಟ ಮಾಂಸದ ಒಣ ಆಹಾರದ ಚೀಲದ ವಾಸನೆ ನನಗೆ ಆಗುವುದಿಲ್ಲ ಎಂದು ಸೌದೆ ಕೊಟ್ಟಿಗೆಯಲ್ಲಿ ಇಟ್ಟೆ. ಅದಕ್ಕೆ ಮೊಸರನ್ನ, ಬೇಯಿಸಿದ ಹೆಸರುಕಾಳು, ಶುಕ್ರವಾರ ದೇವಸ್ಥಾನದಿಂದ ತಂದ ಪಂಚಕಜ್ಜಾಯ, ಎಲ್ಲ ತುಪ್ಪ ಹಾಕಿ ಅರೆದು ಕೊಟ್ಟೆ. ಹಸಿವಿಗೋ ತುಪ್ಪದ ಆಸೆಗೋ, ನೆಕ್ಕುತ್ತಿತ್ತು. ಪ್ರಸಾದ ತಿಂದರೆ ಅದರ ಮಾಂಸದ ಚಟ ಬಿಟ್ಟುಹೋಗುತ್ತದೆ, ನನ್ನ ಮನೆಯದ್ದೇ ಆಗುತ್ತದೆ ಎಂದು ನಂಬಿದ್ದೆ. ಪ್ರತಿ ಶುಕ್ರವಾರ ದೇವಿಯ ಎದುರು ನಡೆಯಲ್ಲಿ ನಿಂತು, ತಾಯಿ, ಇದು ಆ ಮನೆಯ ಕಡೆ ಮುಖ ಹಾಕದ ಹಾಗೆ ಮಾಡು ಎಂದು ಬೇಡುತ್ತಿದ್ದೆ.

ಎರಡು ತಿಂಗಳಲ್ಲಿ ಅದು ಬೇಲಿಯ ಹತ್ತಿರ ಹೋಗುವುದನ್ನು ನಿಲ್ಲಿಸಿತು. ಇಡೀ ದಿನ ನನ್ನ ಹಳೆಯ ಸೀರೆಯ ಮೇಲೆ ಮಲಗಿರುತ್ತಿತ್ತು. ಬೇಡಿದ್ದು ಫಲಿಸಿತು ಎಂದುಕೊಂಡೆ. ಚಾಪೆಯಲ್ಲಿ ಹನಿ ಹನಿ ಮೂತ್ರ ಮಾಡುತ್ತಿತ್ತು, ಹಿಂದಿನ ಭಾಗ ನೆಕ್ಕಿಕೊಳ್ಳುತ್ತಿತ್ತು. ತುಂಟತನ ಎಂದು ಬೈದೆ. ರೋಗ ಎಂದು ಹೊಳೆಯಲೇ ಇಲ್ಲ.

ಆ ಶುಕ್ರವಾರ ಅದರ ಹೊಟ್ಟೆ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ನಿಮ್ಮ ಅಜ್ಜ ಹೋದ ಮೇಲೆ ನಾನು ಒಬ್ಬಳೇ, ಪ್ರಾಣಿಗಳ ಆಸ್ಪತ್ರೆ ಇರುವ ಪುತ್ತೂರಿಗೆ ಹೋದವಳಲ್ಲ. ಬೇರೆ ದಾರಿಯಿಲ್ಲದೆ ನಾನೇ ಬಡಿದ ತಗಡಿನ ಹತ್ತಿರ ನಿಂತು ಏಲಿಯಮ್ಮನನ್ನು ಕರೆದೆ. ಅವಳು ಏನೂ ಕೇಳದೆ ಸೀರೆ ಬದಲಿಸಿ ಬಂದಳು. ಬಸ್ಸಿನಲ್ಲಿ ಬುಟ್ಟಿ ನನ್ನ ಮಡಿಲಲ್ಲಿತ್ತು, ರಿಬ್ಬನ್‌ನ ಮೂಗು ಮಾತ್ರ ಅವಳ ಕಡೆಗೆ. ಅಷ್ಟು ಸಂಕಟದಲ್ಲೂ ನಾನು ಬುಟ್ಟಿಯನ್ನು ಈ ಕಡೆಗೆ ತಿರುಗಿಸಿಕೊಂಡೆ. ನರಿಮೊಗರು ದಾಟುವಾಗ ಅದು ತಲೆ ಎತ್ತುವುದನ್ನೂ ಬಿಟ್ಟಿತ್ತು.

ಪ್ರಾಣಿಗಳ ಡಾಕ್ಟರು ಎಕ್ಸ್‌ರೇ ತೆಗೆದು ತೋರಿಸಿದರು. ಮೂತ್ರಕೋಶದಲ್ಲಿ ಮೂರು ಕಲ್ಲು, ಮೂತ್ರದ ದಾರಿಯಲ್ಲಿ ಒಂದು ಸಿಕ್ಕಿಹಾಕಿಕೊಂಡಿತ್ತು. ಗಂಡು ಪ್ರಾಣಿಗೆ ದಾರಿ ಬಹಳ ಸಪೂರ, ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ ಎಂದರು. ಮೂತ್ರ ಬಿಡಿಸಲು ತೆಳು ನಳಿಗೆ ಹಾಕಿ ಎರಡು ಸಲ ನೋಡಿದರು, ಒಳಗೆ ಹೋಗಲಿಲ್ಲ. ಏನು ತಿನ್ನಿಸುವುದು ಎಂದು ಕೇಳಿದರು.

ಆಗ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಏಲಿಯಮ್ಮನ ಕಡೆ ತೋರಿಸಿ, "ಇವರು ಕೋಳಿ ಕೊಟ್ಟು ಅಭ್ಯಾಸ ಮಾಡಿದ್ದು" ಎಂದೆ.

ಡಾಕ್ಟರು, "ಕೋಳಿಯಿಂದ ಹೀಗಾಗುದಿಲ್ಲ ಅಮ್ಮ. ಇದು ಮಾಂಸ ತಿಂದೇ ಬದುಕುವ ಪ್ರಾಣಿ. ಬೇರೆ ಎಂತ ಕೊಟ್ಟದ್ದು?" ಎಂದರು.

ಏಲಿಯಮ್ಮ ಸಿಟ್ಟು ಮಾಡಲಿಲ್ಲ. "ಹೇಳಿ ಅಕ್ಕ. ನೀವು ನಾಚಿಕೊಂಡು ಕೂತರೆ ಪಾಪದ್ದು ಅದೇ ಬಾಯಿಬಿಟ್ಟು ಹೇಳುದಾ?"

ಎಲ್ಲ ಹೇಳಿದೆ. ಕಾಳು, ಅನ್ನ, ಪಂಚಕಜ್ಜಾಯ, ಕೊನೆಗೆ ತಗಡನ್ನೂ. ಡಾಕ್ಟರು ಬೈಯಲಿಲ್ಲ. ಕಾಳು, ಧಾನ್ಯ ಹೆಚ್ಚಾದರೆ ಇವುಗಳ ಮೂತ್ರದ ಹುಳಿ ಕಡಿಮೆಯಾಗಿ ಲವಣ ಕಲ್ಲಾಗುತ್ತದೆ ಎಂದರು. ಮೂತ್ರದಲ್ಲಿ ಸೋಂಕಾದರೂ, ನೀರು ಕಡಿಮೆ ಕುಡಿದರೂ ಆಗುವುದುಂಟು, ಕೆಲವಕ್ಕೆ ಹುಟ್ಟಿನಿಂದಲೇ ಆ ಗುಣ ಇರಬಹುದು, ಇಲ್ಲಿ ಆಹಾರವೇ ಕಾರಣದ ಹಾಗೆ ಕಾಣುತ್ತದೆ ಎಂದು ವಿವರಿಸಿದರು. ಇನ್ನೊಮ್ಮೆ ನಳಿಗೆ ಹಾಕಿ ನೋಡುತ್ತೇನೆ, ಆಪರೇಷನ್ನೂ ಬೇಕು, ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದು ಒಳಗೆ ಹೋದರು.

ನಾನು ಹೊರಗಿನ ಬೆಂಚಿನಲ್ಲಿ ಕಣ್ಣು ಮುಚ್ಚಿದೆ. ಏನು ಬೇಡಬೇಕೆಂದು ತಿಳಿಯಲಿಲ್ಲ, ಹಿಂದೆ ಬೇಡಿದ್ದು ನೆನಪಾಗಿ ಹೆದರಿಕೆಯಾಯಿತು. ಆಮೇಲೆ, ತಾಯಿ, ಅದು ಏಲಿಯಮ್ಮನ ಮನೆಯಲ್ಲೇ ಇರಲಿ, ನನ್ನ ಹತ್ತಿರ ಬರುವುದೇ ಬೇಡ, ಬದುಕಿದರೆ ಸಾಕು, ನಿನಗೆ ಹೂವಿನ ಪೂಜೆ ಮಾಡಿಸುತ್ತೇನೆ ಎಂದು ಹೇಳಿದೆ. ಆ ಮಾತು ಹೇಳುವಾಗಲೂ ಹೊಟ್ಟೆಯೊಳಗೆ ಉರಿಯಿತು, ಆದರೂ ಪೂರ್ತಿ ಹೇಳಿದೆ. ಪಕ್ಕದಲ್ಲಿ ಏಲಿಯಮ್ಮ ಜಪಸರ ಹಿಡಿದಿದ್ದಳು.

ಬಾಗಿಲು ತೆರೆಯಿತು. ಡಾಕ್ಟರು, "ನಳಿಗೆ ಹೋಯ್ತು ಮಾರಾಯ್ರೆ, ಮೂತ್ರ ಬರ್ತಾ ಉಂಟು" ಎಂದರು. ಎರಡು ಸಲ ಅಲುಗದ ಕಲ್ಲು ಮೂರನೇ ಸಲ ಹಿಂದೆ ಸರಿದು ದಾರಿ ಬಿಟ್ಟಿತ್ತು. ಯಾಕೆ ಎಂದು ಅವರು ಹೇಳಲಿಲ್ಲ, ನನಗೆ ಕೇಳುವ ಅಗತ್ಯವೂ ಇರಲಿಲ್ಲ. ಮಧ್ಯಾಹ್ನ ಆಪರೇಷನ್ ಮಾಡಿ ಕಲ್ಲುಗಳನ್ನೆಲ್ಲ ತೆಗೆದರು, ಆರನೇ ದಿನ ಮನೆಗೆ ಕಳಿಸಿದರು.

ಬಸ್ಸು ಇಳಿದವಳೇ ಬುಟ್ಟಿಯನ್ನು ಏಲಿಯಮ್ಮನ ಕೈಗೆ ಕೊಟ್ಟೆ. ನನ್ನಿಂದ ನೋಡಿಕೊಳ್ಳಲು ಆಗುವುದಿಲ್ಲ ಎಂದು ನಿಮಗೆ ಫೋನಿನಲ್ಲಿ ಹೇಳಿದ್ದು ಪೂರ್ತಿ ನಿಜವಲ್ಲ, ಮಕ್ಕಳೇ. ನಿಜ ಇದು. ನೀವು ಮುಂದೆ ಯಾವ ಪ್ರಾಣಿ ಸಾಕಿದರೂ ಅದಕ್ಕೆ ಅದರದ್ದೇ ಆಹಾರ ಕೊಡಿ, ನೀರು ಯಾವಾಗಲೂ ಇರಲಿ. ಮೂತ್ರಕ್ಕೆ ತಿಣುಕಿದರೆ, ರಕ್ತ ಕಂಡರೆ ಆ ದಿನವೇ ಡಾಕ್ಟರ ಹತ್ತಿರ ಓಡಿ.

ರಿಬ್ಬನ್ ಈಗ ಏಲಿಯಮ್ಮನ ಜಗಲಿಯಲ್ಲಿ ಕುಣಿಯುತ್ತದೆ, ಕೋಳಿ ತಿಂದು ದಪ್ಪ ಆಗಿದೆ. ನಾನು ದಿನಾ ಹೋಗಿ ನೋಡಿ ಬರುತ್ತೇನೆ. ಅದು ನನ್ನನ್ನು ಮೂಸಿ ನೋಡಿ ಮತ್ತೆ ಅವಳ ಕಾಲಬುಡಕ್ಕೇ ಹೋಗುತ್ತದೆ. ಹೊಟ್ಟೆ ಉರಿಯುವುದಿಲ್ಲ ಎಂದು ಹೇಳಿದರೆ ದೇವಿ ಮೆಚ್ಚಲಾರಳು. ಆದರೆ ಆ ಬೆಂಚಿನಲ್ಲಿ ಕೂತು ನಾನು ಕೇಳಿದ್ದು ಇದನ್ನೇ. ಒಂದಕ್ಷರ ಬಿಡದೆ ಕೊಟ್ಟಿದ್ದಾಳೆ.