ಓನರಮ್ಮನ ಷರತ್ತು

ನಮ್ಮ ಓನರಮ್ಮನಿಗೆ ಬಾಯಿ ಜೋರು, ಕಿವಿ ಅದಕ್ಕಿಂತ ಚುರುಕು. ಮೂರನೇ ಮಹಡಿಯ ನಲ್ಲಿ ತೊಟ್ಟಿಕ್ಕಿದರೂ ಕೆಳಗಿನಿಂದಲೇ ಗದರುತ್ತಾರೆ. ಬಾಡಿಗೆಗೆ ಬರುವ ಗಂಡಸರಿಗೆ ಮೊದಲೇ ಹೇಳಿಬಿಡುತ್ತಾರೆ: “ಗೋಡೆಗೆ ಮೊಳೆ ಹೊಡೀರಿ, ಬೇಕಾದ್ರೆ ನಿಮ್ಮ ತಲೇನೂ ಚಚ್ಚಿಕೊಳ್ಳಿ. ಹೆಂಡ್ತಿ ಮೇಲೆ ಕೈ ಮಾಡಿದ್ರೆ ಮಾತ್ರ ಗಂಟುಮೂಟೆ ಕಟ್ಬೇಕು!” ಎಲ್ಲರೂ ನಗುತ್ತಾರೆ. ಮೇಲಿನ ಮನೆಯವನೂ ನಕ್ಕಿದ್ದ. ಮೊನ್ನೆ ಅವನು ಹೆಂಡತಿಗೆ ಹೊಡೆದ. ಸಂಜೆಯೊಳಗೆ ಅವನು ಸೂಟ್‌ಕೇಸಿನ ಸಮೇತ ಬೀದಿಯಲ್ಲಿದ್ದ. ಆಕೆಯೂ ಮಗುವನ್ನೆತ್ತಿಕೊಂಡು ಚಪ್ಪಲಿ ಮೆಟ್ಟತೊಡಗಿದಾಗ ಓನರಮ್ಮ ಬಾಗಿಲಿಗೆ ಅಡ್ಡ ನಿಂತರು. “ನೀನೆಲ್ಲಿಗೆ ಹೊರಟೆ ತಾಯಿ? ಏಟು ತಿಂದಾಗೆಲ್ಲ ನಮ್ಮಮ್ಮಾನೂ ಹೀಗೇ ನನ್ನ ಎತ್ಕೊಂಡು ಬೀದಿಗೆ ಬರೋಳು. ನಮ್ಮಪ್ಪನ್ನ ಮಾತ್ರ ಯಾರೂ ಹೊರಗೆ ಹಾಕ್ಲಿಲ್ಲ. ಒಳಗೆ ನಡಿ, ಮಗೂಗೆ ಊಟ ಹಾಕು.”